ಇಪ್ಪತ್ತೈದು ಅಕ್ಷರ

ಬುಧವಾರ ಕರೆಂಟ್ ಹೋಗಿ ಬಂದಾಗ ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟುಹೋಯಿತು. ಸೋಮವಾರ ಮಲ್ಲೇಶ್ವರದ ಪ್ರಕಾಶಕರ ಕಡೆಯವರು ಮನೆಗೆ ಬಂದು ನೋಡುವವರಿದ್ದರು. ಶಾಲಾ ಪುಸ್ತಕಗಳ ಪುಟಗಳನ್ನು ಮನೆಯಲ್ಲೇ ಕೂತು ಜೋಡಿಸಿಕೊಡುವ ಕೆಲಸ. ನನ್ನ ಗಂಡ ರಘುನಾಥ್ ಹೋದ ಮೇಲಿನ ಎಂಟು ತಿಂಗಳಲ್ಲಿ ನನಗೆ ಸಿಕ್ಕ ಮೊದಲ ಕೆಲಸ. ಅವರದ್ದು ಒಂದೇ ಷರತ್ತು: ಕಂಪ್ಯೂಟರಿನಲ್ಲಿರುವ ವಿಂಡೋಸ್‌ಗೆ ಲೈಸೆನ್ಸ್ ಇರಬೇಕು.

ನಮ್ಮದಕ್ಕೆ ಇತ್ತು. ೨೦೧೦ರಲ್ಲಿ ರಘುವೇ ತನ್ನ ಅಂಗಡಿಯಲ್ಲಿ ಜೋಡಿಸಿದ ಮಿಷನ್ ಅದು. ಟಿ. ದಾಸರಹಳ್ಳಿಯಲ್ಲಿ ಅವನ ಅಂಗಡಿ ಇತ್ತು.

ವಿದ್ಯಾರಣ್ಯಪುರದಿಂದ ಆಟೋದಲ್ಲಿ ಸಿಪಿಯು ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಆರ್.ಟಿ. ನಗರಕ್ಕೆ ಹೋದೆ. ಅಲ್ಲಿ ಮುಜಫ್ಫರ್ ಎಂಬುವವರು ರಿಪೇರಿ ಮಾಡುತ್ತಾರೆ ಎಂದು ಯಾರೋ ಹೇಳಿದ್ದರು. ಅವರು ನನ್ನನ್ನು ನೋಡಿದ್ದು ಅದೇ ಮೊದಲು. ಎರಡು ದಿನ ಬಿಟ್ಟು ಬನ್ನಿ ಎಂದರು. ಶುಕ್ರವಾರ ಹೋದಾಗ ಬೇರೆ ಬೋರ್ಡ್ ಕೂತಿತ್ತು, ಪರದೆ ಬೆಳಗುತ್ತಿತ್ತು.

"ಹಳೇದು ಈಗ ಬರ್ತಿಲ್ಲ ಮೇಡಂ. ಅದೇ ಥರದ್ದು ಹಾಕಿದೀನಿ. ವಿಂಡೋಸ್ ಮಾತ್ರ ಹೊಸದಾಗಿ ಹಾಕ್ಬೇಕಾಯ್ತು. ನಿಮ್ಮ ಫೈಲೆಲ್ಲ ಭದ್ರವಾಗಿದೆ. ಈಗ ಅದರ ಲೈಸೆನ್ಸ್ ಕೀ ಕೊಡಿ."

"ಡಬ್ಬದ ಮೇಲೆ ಸ್ಟಿಕ್ಕರ್ ಇದೆ."

"ಸ್ಟಿಕ್ಕರ್ ಇದೆ. ಅಕ್ಷರ ಎಲ್ಲಿ?"

ಬಗ್ಗಿ ನೋಡಿದೆ. ಕೀಯ ಇಪ್ಪತ್ತೈದು ಅಕ್ಷರಗಳಲ್ಲಿ ಮೊದಲ ಹದಿನೈದನ್ನು ಓದಬಹುದಿತ್ತು. ಉಳಿದ ಕಡೆ ಮಾಸಿದ ಕೆಂಪು ಕಲೆ.

ಆಯುಧಪೂಜೆ. ಪ್ರತಿ ವರ್ಷ ಅತ್ತೆ ಈಳಿಗೆಮಣೆ, ಬೈಕ್, ಹೊಲಿಗೆ ಮಿಷನ್ ಆದ ಮೇಲೆ ಕಂಪ್ಯೂಟರಿಗೂ ಗಂಧ ಕುಂಕುಮ ಇಡುತ್ತಿದ್ದರು. ಡಬ್ಬದ ಮೇಲೆ ಚೌಕವಾಗಿ, ಹೊಳೆಯುವ ಜಾಗ ಆ ಸ್ಟಿಕ್ಕರ್ ಒಂದೇ, ಇಡುತ್ತಿದ್ದದ್ದು ಅಲ್ಲೇ. ಮಾರನೇ ದಿನ ಒದ್ದೆ ಬಟ್ಟೆಯಲ್ಲಿ ಉಜ್ಜಿ ಒರೆಸುತ್ತಿದ್ದರು.

"ಕೀನ ಹಳೆ ಡಿಸ್ಕಿಂದಾನೂ ತೆಗೀಬಹುದಿತ್ತು," ಎಂದರು ಮುಜಫ್ಫರ್. "ಸ್ಟಿಕ್ಕರ್ ಇದೆಯಲ್ಲಾ ಅಂತ ಹಳೆ ವಿಂಡೋಸ್ ಅಳಿಸ್ಬಿಟ್ಟೆ. ನನ್ ತಪ್ಪು. ಐದು ನಿಮಿಷ ಕೊಡಿ, ಡೂಪ್ಲಿಕೇಟ್ ಹಾಕ್ಕೊಡ್ತೀನಿ. ಈ ರೋಡಲ್ಲಿ ಯಾರನ್ನ ಬೇಕಾದ್ರೂ ಕೇಳಿ, ಎಲ್ರದ್ದೂ ಅದೇ."

"ಬೇಡ. ಅವರು ಚೆಕ್ ಮಾಡ್ತಾರೆ. ಹೊಸದು ಕೊಳ್ಳಬಹುದಾ?"

"ನಿಮ್ದು ವಿಂಡೋಸ್ ಏಳು, ಅದು ಅಂಗಡೀಲಿ ಬರೋದು ನಿಂತೋಯ್ತು. ಈಗ ಬರೋ ಎಂಟು ತಗೊಂಡ್ರೆ ನಿಮ್ಮ ಹಳೇ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಓಡಲ್ಲ, ನೋಡಿದೀನಿ."

ಅದಿಲ್ಲದೆ ಕೆಲಸವೇ ಇಲ್ಲ. ಮುಜಫ್ಫರ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟರು. ಒಬ್ಬ ಹೆಂಗಸು ನಿಧಾನವಾಗಿ ಹೇಳಿದಳು: ಇದು ಮಿಷನ್ ಜೋಡಿಸಿದವರು ಮಿಷನ್ ಜೊತೆಗೇ ಕೊಡುವ ಲೈಸೆನ್ಸ್. ಕೀಯನ್ನು ನಾವು ಹೇಳುವಂತಿಲ್ಲ, ಜೋಡಿಸಿದವರನ್ನೇ ಕೇಳಿ.

ಸರಿ ಎಂದು ಫೋನ್ ಇಟ್ಟೆ.

"ಏನಂದ್ರು?"

"ಜೋಡಿಸಿದವರನ್ನ ಕೇಳಬೇಕಂತೆ."

"ಕೇಳಿ ಮತ್ತೆ. ಯಾರು ಜೋಡ್ಸಿದ್ದು?"

"ನಮ್ಮ ಮನೆಯವರು."

ಮುಜಫ್ಫರ್ ನನ್ನ ಕೊರಳಿನ ಕಡೆ ಒಮ್ಮೆ ನೋಡಿದರು. ಡಬ್ಬವನ್ನು ಬದಿಗೆ ಸರಿಸಿ, ಸದ್ಯಕ್ಕೆ ಇಲ್ಲೇ ಇರಲಿ ಎಂದರು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಹೇಳಬಾರದಿತ್ತು. "ನಾನೇನ್ ಕಂಡೆ ಹರ್ಷಿತಾ, ಬೆಲೆ ಚೀಟಿ ಅಂದ್ಕೊಂಡೆ," ಎಂದು ಅಡುಗೆಮನೆಗೆ ಹೋದರು.

ರಘು ಮಾರಿದ ಮಿಷನ್‌ಗಳ ರಿಜಿಸ್ಟರ್ ಒಂದಿತ್ತು, ಕೀ ಅದರಲ್ಲಿ ಬರೆದಿರಬಹುದು ಅನ್ನಿಸಿತು. ಅಂಗಡಿ ಖಾಲಿ ಮಾಡಿಸಿದ್ದು ಪಕ್ಕದ ಲೇತ್ ವರ್ಕ್‌ಶಾಪಿನ ಪಂಚಪ್ಪ. ಅವರಿಗೆ ಫೋನ್ ಮಾಡಿದೆ. ಹಿಂದೆ ಲೇತ್ ಕೂಗುತ್ತಿತ್ತು.

"ರಿಜಿಸ್ಟ್ರಾ? ಅದು ರದ್ದಿಗೋಯ್ತಲ್ಲಮ್ಮ. ನೀನೇ ಏನೂ ಬ್ಯಾಡ ಅಂದಿದ್ದೆ."

ಅಂದಿದ್ದೆ. ಯಾಕೆ ಬೇಕಿತ್ತು ಎಂದು ಕೇಳಿದರು. ಹೇಳಿದೆ. ಅವರು ಲೇತ್ ನಿಲ್ಲಿಸಲು ಯಾರಿಗೋ ಕೂಗಿದರು.

"ಅಯ್ಯೋ, ಅದಕ್ಕೆ ರಿಜಿಸ್ಟ್ರು ಯಾಕೆ? ಒಳಗೇ ಬರೀತಿದ್ನಲ್ಲ! ನನ್ ಕಂಪ್ಯೂಟ್ರು ಕೊಡುವಾಗ ಇಂಗೆ ನಗಾಡ್ಕೊಂಡು ಬೈದಿದ್ದ. 'ಪಂಚಪ್ಪಣ್ಣ, ನೀವು ಲೇತಿಗೇ ಒಂದು ಕಿಲೋ ಕುಂಕುಮ ಮೆತ್ತೋ ಜನ, ನನ್ ಸ್ಟಿಕ್ಕರ್ ಉಳಿಸ್ತೀರಾ' ಅಂತ. ಯಾರೂ ಬಿಚ್ಚದ ಕಡೆ ಬರ್ದಿದೀನಿ ಅಂದ."

"ಯಾವ ಕಡೆ?"

"ಬಲಗಡೆ ತಗಡು. ರಿಪೇರಿಯೋರೆಲ್ಲ ಎಡಗಡೆ ತಾನೆ ಬಿಚ್ಚೋದು."

ನನಗೆ ಈ ವಿಷಯ ಗೊತ್ತಿರಲಿಲ್ಲ. ಐದು ವರ್ಷ ಜೊತೆಯಲ್ಲಿದ್ದೆ. ಅಂಗಡಿಯ ಮಾತು ಅವನು ಮನೆಗೆ ತರುತ್ತಿರಲಿಲ್ಲ, ನಾನು ಕೇಳುತ್ತಲೂ ಇರಲಿಲ್ಲ. ಗಿರಾಕಿಗಳಿಗೆ ಮಾಡಿದ್ದನ್ನು ಮನೆಯ ಮಿಷನ್‌ಗೂ ಮಾಡಿರುತ್ತಾನೆ ಎಂದೇನೂ ಇಲ್ಲ. ಶನಿವಾರ ಬೆಳಿಗ್ಗೆ ಮತ್ತೆ ಆರ್.ಟಿ. ನಗರಕ್ಕೆ ಹೊರಟಾಗ ಬಸ್ಸಿನಲ್ಲಿ ಹೆಬ್ಬಾಳದವರೆಗೂ ಅದನ್ನೇ ಯೋಚಿಸುತ್ತಿದ್ದೆ.

ಮುಜಫ್ಫರ್ ಬಲಗಡೆಯ ಎರಡು ತಿರುಪು ಬಿಚ್ಚಿ ತಗಡನ್ನು ಜಾರಿಸಿದರು. ಧೂಳು ಊದಿದರು. ಬೆಳಕಿಗೆ ಓರೆಯಾಗಿ ಹಿಡಿದರು.

"ಸಿಕ್ತು ಮೇಡಂ."

ಪೆನ್ಸಿಲ್‌ನಲ್ಲಿ ಬರೆದಿತ್ತು. ಐದೈದು ಅಕ್ಷರದ ಐದು ಗುಂಪು. ಏಳಕ್ಕೆ ಹೊಟ್ಟೆಯ ಮೇಲೆ ಅಡ್ಡಗೆರೆ, ರಘು ಹಾಗೇ ಬರೆಯುತ್ತಿದ್ದ. ನಾನು ಓದಿದೆ, ಅವರು ಒತ್ತಿದರು. ಕೀ ಒಪ್ಪಿತು. ಆದರೆ ಬೋರ್ಡ್ ಬೇರೆಯಾದ್ದರಿಂದ ಇದು ಬೇರೆ ಕಂಪ್ಯೂಟರ್ ಎಂದಿತು. ಮತ್ತೆ ಫೋನ್.

"ಕೆಟ್ಟಿದ್ದಕ್ಕೆ ಬದಲಾಯಿಸಿದ್ದು ಅಂತ ಹೇಳಿ," ಎಂದರು ಮುಜಫ್ಫರ್. "ಸ್ಪೀಡ್ ಬೇಕಾಗಿತ್ತು ಅದಕ್ಕೇ ಹೊಸದು ಹಾಕಿಸ್ದೆ ಅಂದ್ರೆ ಒಪ್ಪಲ್ಲ. ಬೋರ್ಡ್ ಜೊತೆಗೇ ಲೈಸೆನ್ಸೂ ಮುಗೀತು ಅಂತಾರೆ."

ಈ ಸಲ ಗಂಡಸಿನ ದನಿ. ಪರದೆಯ ಮೇಲಿದ್ದ ಐವತ್ತನಾಲ್ಕು ಅಂಕಿಗಳನ್ನು ಓದಿ ಹೇಳಿದೆ. ಎಷ್ಟು ಕಂಪ್ಯೂಟರಿನಲ್ಲಿ ಹಾಕಿದ್ದೀರಿ ಎಂದ. ಒಂದು ಎಂದೆ. ಬೋರ್ಡ್ ಯಾಕೆ ಬದಲಾಯಿತು ಎಂದ. ಸುಟ್ಟುಹೋಯಿತು ಎಂದೆ. ಜೋಡಿಸಿದವರೇ ಬದಲಾಯಿಸಿದರೇ ಎಂದ.

ಹೌದು ಎಂದರೆ ಮುಗಿಯುತ್ತಿತ್ತು. ಮುಜಫ್ಫರ್ ಹೌದು ಎನ್ನಿ ಎಂದು ತಲೆಯಾಡಿಸುತ್ತಿದ್ದರು.

"ಇಲ್ಲ. ಅವರು ತೀರಿಕೊಂಡಿದ್ದಾರೆ. ಬೇರೆಯವರ ಹತ್ತಿರ ಹಾಕಿಸಿದೆ."

ಆ ಕಡೆ ಕೀಲಿಮಣೆಯ ಸದ್ದು ನಿಂತಿತು. ಒಂದು ನಿಮಿಷ ಕಾಯಿರಿ ಎಂದ. ಸಂಗೀತ ಬಂತು. ಎಂಟು ತಿಂಗಳಲ್ಲಿ ಆ ವಾಕ್ಯವನ್ನು ನಾನೇ ಹೇಳಿದ್ದು ಅದೇ ಮೊದಲು. ಅದುವರೆಗೆ ಯಾರಾದರೂ ನನ್ನ ಪರವಾಗಿ ಹೇಳಿಬಿಡುತ್ತಿದ್ದರು. ಹೇಳಿದ ಮೇಲೆ ಏನೂ ಆಗಲಿಲ್ಲ. ಎದುರು ಬೇಕರಿಯಲ್ಲಿ ಬನ್ ಇಳಿಸುತ್ತಿದ್ದರು.

ಅವನು ವಾಪಸ್ ಬಂದ. ಬರೆದುಕೊಳ್ಳಿ ಮೇಡಂ ಎಂದ. ಎಂಟು ಗುಂಪು, ಒಂದೊಂದರಲ್ಲಿ ಆರು ಅಂಕಿ.

"ಹೌದು ಅನ್ನೋಕೇನು ಮೇಡಂ, ನನ್ ಎದೆ ಹೊಡ್ಕೋತಿತ್ತು," ಎಂದರು ಮುಜಫ್ಫರ್, ಕೊನೆಯ ಗುಂಪು ಒತ್ತಿದ ಮೇಲೆ. ಪರದೆಯ ಮೂಲೆಯ ಎಚ್ಚರಿಕೆ ಹೋಗಿತ್ತು. ತಗಡನ್ನು ಕೈಗೆತ್ತಿಕೊಂಡು, "ಪೆನ್ಸಿಲ್ ಅಳಿಸದ ಹಾಗೆ ಟೇಪ್ ಹಾಕ್ಲಾ?" ಎಂದು ಕೇಳಿದರು.

"ಬೇಡ. ಮುಚ್ಚಿ."

ಸೋಮವಾರ ಪ್ರಕಾಶಕರ ಕಡೆಯವರು ಹತ್ತು ಸೆಕೆಂಡ್ ನೋಡಿದರು. ಅತ್ತೆ ಕೊಟ್ಟ ಕಾಫಿ ಕುಡಿದರು. ಏಳನೇ ತರಗತಿಯ ವಿಜ್ಞಾನ ಪುಸ್ತಕದ ಹಸ್ತಪ್ರತಿಯ ಕಟ್ಟನ್ನು ಮೇಜಿನ ಮೇಲಿಟ್ಟು, ತಿಂಗಳ ಕೊನೆಗೆ ಬೇಕು ಎಂದು ಹೇಳಿ ಹೊರಟರು. ಊಟಕ್ಕೆ ಮುಂಚೆ ನಾಲ್ಕು ಪುಟ ಮುಗಿಸಿದೆ.