ಹಿಂದಕ್ಕೆ ಹೋದ ಮಾತ್ರೆ

ಕರುಳಿನ ಗಡ್ಡೆಯನ್ನು ಕೊಯ್ದು ತೆಗೆಯಲು ಇನ್ನು ಎರಡು ತಾಸು ಉಳಿದಿತ್ತು. ಗಡಿ ಸೀಮೆಯ ಚಿಯಾಂಗ್ ರಾಯ್ ಪಟ್ಟಣದ ಆಸ್ಪತ್ರೆಯಲ್ಲಿ ನರ್ಸ್ ರಚನಿ ಒಂದು ಮಾತ್ರೆ ಹಿಡಿದು ಜಾತುವಿನ ಮಂಚದ ಬಳಿ ಬಂದಳು.

“ದೊಡ್ಡಪ್ಪಾ, ಕೊಯ್ದ ಮೇಲೆ ಕರುಳು ನಿದ್ದೆ ಹೊಡಿಯತ್ತೆ. ಇದು ಬೇಗ ಎಬ್ಬಿಸತ್ತೆ. ಆದ್ರೆ ದಿನಾ ಅಫೀಮು ಸೇದೋರು ನುಂಗ್ಬಾರ್ದು, ಹೊಟ್ಟೆ ಕಿತ್ಕೊಂಡ್ ಬರತ್ತೆ, ಜೀವಕ್ಕೇ ಕಷ್ಟ. ಸೇದ್ತೀರಾ?”

“ನಮ್ಮೂರಲ್ಲಿ ಅದರ ಗಿಡಾನೇ ಇಲ್ಲ ಮಗಳೇ.”

ಗಿಡವಿಲ್ಲದ್ದು ನಿಜ. ಹನ್ನೊಂದು ವರ್ಷಗಳ ಹಿಂದೆ ಲಾಹು ಬುಡಕಟ್ಟಿನ ಆ ಬೆಟ್ಟದ ಹಳ್ಳಿಯ ಮೂವತ್ತೆರಡು ಮನೆಗಳವರೂ ಹಿರಿಯರ ಮುಂದೆ ಹೆಬ್ಬೆಟ್ಟು ಒತ್ತಿದ್ದರು: ಬೆಳೆಯುವುದಿಲ್ಲ, ಸೇದುವುದಿಲ್ಲ, ತಪ್ಪಿದ ಮನೆ ಊರು ಬಿಡಬೇಕು. ಆದರೆ ಜಾತುವಿನ ಹೊಟ್ಟೆನೋವು ಹೆಚ್ಚಿದಂದಿನಿಂದ, ನಲವತ್ತು ಸಂಜೆ, ಗಡಿಯಾಚೆಯಿಂದ ತರಿಸಿದ ಅಫೀಮನ್ನು ಹೆಂಡತಿ ನಾಸೂ ತನ್ನ ಕೈಯಾರೆ ಚಿಲುಮೆಗೆ ತುಂಬಿಕೊಟ್ಟಿದ್ದಳು. ಕೊನೆಯದು ನಿನ್ನೆ.

ಜಾತು ಮಾತ್ರೆ ಇಸಿದುಕೊಂಡು ಬಾಯಿ ತೆರೆದ. ನಾಸೂ ಮಂಚದ ಪಕ್ಕದಲ್ಲೇ ನಿಂತಿದ್ದಳು. ಹೇಳಿದರೆ ಊರು ಹೋಗುತ್ತದೆ, ಹೇಳದಿದ್ದರೆ ಗಂಡ. ಮಾತ್ರೆ ತುಟಿಗೆ ಮುಟ್ಟುವಷ್ಟರಲ್ಲಿ ಅವಳು ಅವನ ಮಣಿಕಟ್ಟು ಹಿಡಿದಳು.

“ನಲ್ವತ್ತು ದಿನ ಸೇದಿದ್ದಾನೆ. ತುಂಬಿ ಕೊಟ್ಟೋಳು ನಾನೇ.”

“ಬಾಯಿಗೆ ಬೀಗ ಇಲ್ವೇನೇ ನಿಂಗೆ?”

“ಬೀಗ ಹಾಕಿದ್ರೆ ನಿನ್ ಹೆಣ ಹೊತ್ಕೊಂಡು ಬೆಟ್ಟ ಹತ್ಬೇಕಿತ್ತು.”

ರಚನಿ ಮಾತ್ರೆಯನ್ನು ಡಬ್ಬಿಗೆ ಹಾಕಿದಳು. “ದೊಡ್ಡಮ್ಮಾ, ಇದು ಡಾಕ್ಟ್ರಿಗೆ ಮಾತ್ರ ಗೊತ್ತಾಗತ್ತೆ. ಆದ್ರೆ ಇನ್ನು ಕರುಳು ತಾನಾಗೇ ಏಳ್ಬೇಕು. ಕೆಳಗಿಂದ ಗಾಳಿ ಹೋದ್ರೆ ಅದು ಎದ್ದ ಹಾಗೆ, ತಕ್ಷಣ ಬಂದು ಹೇಳಿ.”

ಗಡ್ಡೆ ಹೋಯಿತು. ಮೊದಲ ದಿನ ಗಾಳಿಯಿಲ್ಲ. ಎರಡನೆಯ ದಿನವೂ ಇಲ್ಲ. ಮೂರನೆಯ ದಿನ ಜಾತು ಹಸಿರು ನೀರು ಕಾರಿದ. ಮೂಗಿನಿಂದ ಹೊಟ್ಟೆಗೆ ನಳಿಗೆ ಇಳಿಸಿದರು. ಅವನು ನಾಸೂವಿನೊಡನೆ ಮಾತು ಬಿಟ್ಟಿದ್ದ. ಎದುರಿನ ಮಂಚದವನು ಅದೇ ಮಾತ್ರೆ ನುಂಗಿ ಎರಡನೆಯ ದಿನವೇ ಗಂಜಿ ಕುಡಿದಿದ್ದ. ನಾಸೂ ಅತ್ತ ನೋಡುವುದನ್ನು ಬಿಟ್ಟಳು. ನಾಲ್ಕನೆಯ ದಿನ ಹೊಟ್ಟೆ ನಗಾರಿಯಂತೆ ಬಿಗಿಯಿತು. ನಾಳೆಯೂ ಹೀಗೇ ಇದ್ದರೆ ಮತ್ತೆ ಕೊಯ್ದು ನೋಡಬೇಕಾದೀತು ಎಂದರು ಡಾಕ್ಟರು. ನಾಸೂ ಯೋಚಿಸಿದಳು: ತಾನು ಅವನನ್ನು ಉಳಿಸಿದ್ದೋ, ಕೊಂದದ್ದೋ?

ಐದನೆಯ ದಿನ ಬೆಳಗ್ಗೆ ಅವಳು ಅವನ ಹೊಟ್ಟೆಗೆ ಕಿವಿಯಿಟ್ಟಳು. ಒಳಗೆ ಏನೋ ಉರುಳಿತು, ನಿಂತಿತು, ಮತ್ತೆ ಉರುಳಿತು. ಅವಳು ಕಿವಿಯನ್ನು ಇನ್ನಷ್ಟು ಒತ್ತಿದಳು.

ಆಗ ಹೊದಿಕೆಯಡಿಯಿಂದ ಉದ್ದನೆಯ, ಒರಟು ಸದ್ದು ಬಂತು.

ಜಾತು ಐದು ದಿನಗಳಲ್ಲಿ ಮೊದಲ ಸಲ ಬಾಯಿಬಿಟ್ಟ. “ಹೋಗು. ಇದನ್ನೂ ಹೇಳ್ಬಿಡು.”

ನಾಸೂ ಬರಿಗಾಲಲ್ಲೇ ಓಡಿದಳು.