ಅಯಸ್ಕಾಂತ ನಿಲ್ಲಿಸಿದ ಮೇಲೆ

"ಅಲುಗಾಡಿಸ್ಬೇಡ ಅಣ್ಣಾ!" ದೀಪಶ್ರೀ ಜೀಪಿನ ಬಾನೆಟ್ಟಿನಿಂದ ಜಾರುತ್ತಿದ್ದ ಲ್ಯಾಪ್‌ಟಾಪನ್ನು ಮೊಣಕೈಯಿಂದ ತಡೆದಳು. ದೇವರಮನೆ ಗುಡ್ಡದ ಗಾಳಿ ಪರದೆಯನ್ನು ಮಡಚಿಯೇ ಬಿಡುವಂತಿತ್ತು. ಕೆಳಗೆ ಊರಲ್ಲಿ ನೆಟ್‌ವರ್ಕ್ ಸಿಗದೆ, ಪ್ರವಾಸಿಗರನ್ನು ಕರೆತರುವ ಅಣ್ಣ ಸುರೇಂದ್ರನ ಜೀಪು ಹತ್ತಿ ಬಂದಿದ್ದಳು.

ಪರದೆಯ ಮೇಲಿನ ಗೆರೆ ಮೇಲಕ್ಕೆ ನೆಗೆದು, ತುಸು ನಿಂತು, ಕೆಳಕ್ಕೆ ಬಿದ್ದಿತ್ತು. ಮತ್ತೆ ನೆಗೆದಿತ್ತು.

"ಇಸಿಜಿ ನೋಡಿದ ಹಾಗೆ ನೋಡ್ತೀಯಲ್ಲೇ ಮಾರಾಯ್ತಿ. ಯಾರಿಗೆ ಹುಷಾರಿಲ್ಲ?"

"ನನ್ನ ತಂತಿಗೆ. ಒಳಗಿರೋ ಎಲೆಕ್ಟ್ರಾನ್‌ಗಳ ಲೆಕ್ಕ ಸರಿಸಂಖ್ಯೆನಾ ಬೆಸಸಂಖ್ಯೆನಾ ಅಂತ ಈ ಗೆರೆ ಹೇಳ್ಬೇಕು. ಹೊಸ ಥರದ ಕಂಪ್ಯೂಟರ್ ಅದ್ರ ಮೇಲೇ ನಿಲ್ಲೋದು."

"ಅಂತೂ ಜೋಡಿ ಆಗಿದ್ಯೋ ಇಲ್ವೋ ನೋಡೋದು. ಊರಿನ ಹುಡುಗ್ರಿಗೆ ಹೆಣ್ಣು ಹುಡುಕೋ ಅಮ್ಮನ ಕೆಲ್ಸಾನೇ ಬಿಡು!"

ಅವಳು ನಗಲಿಲ್ಲ. ಕೂದಲಿಗಿಂತ ಎಷ್ಟೋ ಪಾಲು ಸಣ್ಣದಾದ ಅವಳ ಎರಡು ತಂತಿಗಳು ಬೆಂಗಳೂರಿನ ಲ್ಯಾಬಿನಲ್ಲಿ, ಯಾವ ಹಿಮಕ್ಕೂ ಇಲ್ಲದ ಚಳಿಯಲ್ಲಿದ್ದವು. ಆ ಕಂಪ್ಯೂಟರಿಗಾಗಿ ಲ್ಯಾಬಿನವರು ಹುಡುಕುತ್ತಿದ್ದ ಸ್ಥಿತಿ ಮೂಡಬೇಕಾದರೆ ಅಯಸ್ಕಾಂತ ಬೇಕೇ ಬೇಕು. ಯಾರೂ ಹೇಳದಿದ್ದರೂ ಅವಳು ಊರಿಗೆ ಹೊರಡುವ ಮುನ್ನ, ಅಯಸ್ಕಾಂತ ನಿಲ್ಲಿಸಿಯೂ ಅಳೆಯುವಂತೆ ಯಂತ್ರಕ್ಕೆ ಹೇಳಿ ಬಂದಿದ್ದಳು.

ಈಗ ನೋಡಿದರೆ ಮೊದಲನೇ ತಂತಿ ಅಯಸ್ಕಾಂತವಿಲ್ಲದೆಯೂ ಅಷ್ಟೇ ಚೆಂದವಾಗಿ ನೆಗೆಯುತ್ತಿತ್ತು. ಲ್ಯಾಬಿನವರೆಲ್ಲ ಕೇಕ್ ಕತ್ತರಿಸಿ ಸಂಭ್ರಮಿಸಿದ್ದು ಇದೇ ನೆಗೆತಕ್ಕೆ. ಹಾಗಾದರೆ ಇದು ಬೇರೇನೋ, ಅವರು ಹುಡುಕಿದ್ದಲ್ಲ.

ಎರಡನೇ ತಂತಿಯ ಅಳತೆ ತೆರೆದಳು. ಅಡ್ಡಾದಿಡ್ಡಿ ಗೀರುಗಳ ಗದ್ದಲದ ನಡುವೆ ಬಡಕಲು ನೆಗೆತ. ಅಯಸ್ಕಾಂತ ನಿಲ್ಲಿಸಿದಾಗ ಗೆರೆ ಮಲಗಿಬಿಟ್ಟಿತ್ತು. ಮತ್ತೆ ಮತ್ತೆ ಅಳೆದದ್ದನ್ನೆಲ್ಲ ತೆರೆದು ನೋಡಿದಳು. ಪ್ರತಿ ಸಲವೂ ಹಾಗೆಯೇ.

"ಅಣ್ಣಾ, ಇದು ಬದುಕಿದೆ ಕಣೋ!"

ಅಷ್ಟರಲ್ಲಿ ಫೋನ್ ಬಂತು. ಅವಳ ಪಿಎಚ್‌ಡಿ ಗೈಡ್ ಹರ್ಷವರ್ಧನ.

"ನಾನೂ ನೋಡಿದೆ. ಮ್ಯಾಗ್ನೆಟ್ ಆಫ್ ಮಾಡಿ ಅಳೆಯೋಕೆ ಯಾರಮ್ಮ ಹೇಳಿದ್ದು ನಿಂಗೆ?"

"ಎರಡನೇ ತಂತಿ ನೋಡಿದ್ರಾ ಸರ್? ಅದು ನಿಜವಾಗ್ಲೂ..."

"ಅದು ಯಾರ ಕಣ್ಣಿಗೂ ಕಾಣಲ್ಲ. ಅದನ್ನ ಗಟ್ಟಿ ಮಾಡೋಕೆ ಇನ್ನೂ ವರ್ಷಗಟ್ಲೆ ಬೇಕು. ಮೊದಲನೇದ್ರ ಚಿತ್ರಾನೇ ನಮ್ಮ ಜರ್ನಲ್ ಪೇಪರಿಗೆ ಹಾಕೋಣ, ಆಫ್ ಮಾಡಿದ್ದು ಬಿಟ್ಬಿಡು. ಮೊದಲ ಹೆಸರು ನಿಂದೇ. ಡೆನ್ಮಾರ್ಕಿನ ಲ್ಯಾಬಿಗೂ ಇವತ್ತೇ ಬರೀತೀನಿ, ಅಲ್ಲಿನ ಸಂಶೋಧನೆ ಸೀಟು ನಿಂಗೇ ಅಂತ."

ಆ ಸೀಟಿಗಾಗಿಯೇ ಅವಳು ಪಾಸ್‌ಪೋರ್ಟ್ ಮಾಡಿಸಿಟ್ಟಿದ್ದಳು. ಅಮ್ಮ ಊರಿಗೆಲ್ಲ ಹೇಳಿಯೂ ಆಗಿತ್ತು. ಸುರೇಂದ್ರ ಹುಬ್ಬು ಹಾರಿಸಿ, ಏನಂತೆ ಎಂದು ಸನ್ನೆಯಲ್ಲೇ ಕೇಳಿದ. ಪರದೆಯ ಮೇಲೆ ಬಡಕಲು ಗೆರೆ ಗದ್ದಲದಿಂದ ತಲೆಯೆತ್ತಿ ನಿಂತಿತ್ತು.

"ಬರೀಲಾ?" ಫೋನಿನಲ್ಲಿ ಹರ್ಷವರ್ಧನನ ದನಿ.

"ಬೇಡ ಸರ್. ಆಫ್ ಮಾಡಿದ್ದನ್ನ ನಾನು ಬಿಡಲ್ಲ," ಎಂದಳು ದೀಪಶ್ರೀ.