ಹೊಸ ಶಿವದಾರ

ಅತ್ತೆ ಬೆನ್ನ ಹಿಂದೆ ನಿಂತು ಶಿವದಾರದ ಗಂಟು ಬಿಗಿದರು. ಬಿಳಿ ವಸ್ತ್ರದಲ್ಲಿ ಸುತ್ತಿದ ಲಿಂಗ ಎದೆಯ ಮೇಲೆ ಬಂದು ಕೂತಿತು. ಅದು ತನ್ನದಲ್ಲ ಎಂದು ಪ್ರೇಮಾಬಾಯಿಗೆ ಆಗಲೇ ಗೊತ್ತಾಯಿತು.

ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ವಸ್ತ್ರದ ಮೇಲಿಂದಲೇ ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಅವಳ ಇಷ್ಟಲಿಂಗದ ಕರಿಯ ಲೇಪದಲ್ಲಿ ಬುಡದ ಹತ್ತಿರ ಜೋಳದ ಕಾಳಿನಷ್ಟು ತಗ್ಗಿತ್ತು. ಎಂಟನೆಯ ವರ್ಷಕ್ಕೆ ಭಾಲ್ಕಿಯಲ್ಲಿ ದೀಕ್ಷೆಯಾಗಿ ವಾರ ಕಳೆದಿರಲಿಲ್ಲ, ಬಾವಿಕಟ್ಟೆಯ ಮೇಲೆ ಕೈಜಾರಿ ಬಿದ್ದು ಆದ ತಗ್ಗು ಅದು. ಅಂದಿನಿಂದ ದಿನವೂ ಆ ತಗ್ಗಿನಲ್ಲಿ ಹೆಬ್ಬೆರಳಿಟ್ಟೇ ಅವಳ ಪೂಜೆ. ಇದರಲ್ಲಿ ತಗ್ಗಿಲ್ಲ. ತೂಕವೂ ಒಂದಿಷ್ಟು ಹೆಚ್ಚು. ಎದುರಿಗೆ ಅವಳ ಗಂಡ ಮನ್ಮಥಪ್ಪ, ತನ್ನ ಕೊರಳಿಗೆ ತಾಯಿ ಕಟ್ಟಿದ್ದನ್ನು ಬನಿಯನ್ನಿನೊಳಗೆ ಇಳಿಬಿಟ್ಟುಕೊಂಡು ಎದ್ದವನು, ಆಗಲೇ ಸೂಟ್‌ಕೇಸಿನ ಕೀಲಿ ಹುಡುಕುತ್ತಿದ್ದ.

ಹೇಗಾಯಿತೆಂದು ತಿಳಿಯಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಮನ್ಮಥಪ್ಪ ದಿನಾ ಲಿಂಗಪೂಜೆ ಮಾಡುತ್ತಿದ್ದದ್ದು ಬಚ್ಚಲ ಮೋರಿಯ ಪಕ್ಕ ನಿಂತುಕೊಂಡೇ, ಕಾರ್ಖಾನೆಯ ಬಸ್ಸು ತಪ್ಪದ ಹಾಗೆ. ಇವತ್ತು ಕಾರ್ಖಾನೆಯ ಕೆಲಸದ ಮೇಲೆ ಆರು ತಿಂಗಳ ಮಟ್ಟಿಗೆ ಪಶ್ಚಿಮ ಜರ್ಮನಿಗೆ ಹೊರಟವನು. ಗಂಡಹೆಂಡತಿ ಜೊತೆಗೆ ಕೂತು ಸಾಂಗವಾಗಿ ಪೂಜೆ ಮಾಡಬೇಕೆಂದು ತಾಯಿ ಪಾರ್ವತಿಬಾಯಿ ಹಟ ಹಿಡಿದಿದ್ದರು. ಅದಕ್ಕೆಂದೇ ಔರಂಗಾಬಾದಿನಿಂದ ಬರುವಾಗ ಎರಡು ಹೊಸ ಶಿವದಾರ, ಎರಡು ವಸ್ತ್ರ ತಂದಿದ್ದರು. ಪೂಜೆ ಮುಗಿದ ಮೇಲೆ ಎರಡೂ ಲಿಂಗಗಳನ್ನು ಒಂದೇ ತಟ್ಟೆಯಲ್ಲಿ, ಮಗನದು ಬಲಕ್ಕೆ, ಸೊಸೆಯದು ಎಡಕ್ಕೆ ಇಟ್ಟು, ತಟ್ಟೆಯನ್ನು ಇಬ್ಬರ ಮುಂದೆ ಮೂರು ಸುತ್ತು ನಿವಾಳಿಸಿದ್ದರು. ಕೆಳಗಿಡುವಾಗ ತಟ್ಟೆ ತಿರುಗಿರಬೇಕು. ಪ್ರೇಮಾಬಾಯಿ ಕಣ್ಣು ಮುಚ್ಚಿಕೊಂಡಿದ್ದಳು. ಪಾರ್ವತಿಬಾಯಿಯ ಎರಡೂ ಕಣ್ಣಿಗೆ ಪೊರೆ ಬಂದು ವರ್ಷವಾಗಿತ್ತು. ಹಿರಿಯ ಮಗ ವಿಶ್ವನಾಥಪ್ಪ ಆಪರೇಷನ್ ಮಾಡಿಸೋಣವೆಂದರೆ, ತನಗೆ ಎಲ್ಲವೂ ಕಾಣುತ್ತದೆ ಎನ್ನುತ್ತಿದ್ದರು. ಇವತ್ತೂ ಸೊಸೆ ಕೈ ಚಾಚಿದಾಗ ಬೇಡವೆಂದು ತಾವೇ ಸುತ್ತಿ, ತಾವೇ ಕಟ್ಟಿದ್ದರು.

ಹೇಳಿದರೆ ಏನಾಗುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ಒಬ್ಬರ ಲಿಂಗ ಒಬ್ಬರ ಮೈಮೇಲೆ ಹೋಗುವುದು ಅತ್ತೆಯ ಲೆಕ್ಕದಲ್ಲಿ ಸಣ್ಣ ತಪ್ಪಲ್ಲ. ಅವರ ಸೋದರಮಾವನೊಬ್ಬ ಜಾತ್ರೆಯಲ್ಲಿ ಲಿಂಗ ಕಳೆದುಕೊಂಡು, ಮಠದಿಂದ ಸ್ವಾಮಿಗಳು ಬಂದು ಬೇರೆಯದು ಕಟ್ಟುವವರೆಗೆ ನೀರು ಮುಟ್ಟದೆ ಮಲಗಿದ್ದನಂತೆ. ಆ ಕಥೆಯನ್ನು ಅತ್ತೆ ನಿನ್ನೆಯಷ್ಟೇ ಮತ್ತೊಮ್ಮೆ ಹೇಳಿದ್ದರು. ತಾವಿದ್ದ ಈ ನಾಸಿಕದಲ್ಲಿ ಅವರ ಮಠವಿಲ್ಲ. ಇವತ್ತಿನ ಪಯಣ ಬೇಡ, ಇದು ಅಪಶಕುನ ಎಂದು ಅವರು ಕೂತರೆ ಮಗ ತಾಯಿಯ ಮಾತು ಮೀರುವವನಲ್ಲ. ಸಾತಪುರದ ಆ ಕಾರ್ಖಾನೆಯಲ್ಲಿ ಈ ಅವಕಾಶಕ್ಕೆ ಕಾದಿದ್ದ ಫಿಟ್ಟರುಗಳು ಬೇಕಾದಷ್ಟಿದ್ದರು. ಮೇಲಾಗಿ, ತಪ್ಪು ತನ್ನ ಕೈಯಿಂದಲೇ ಆಯಿತೆಂದು ತಿಳಿದರೆ ಮುದುಕಿ ಮತ್ತೆ ಯಾರ ಕೊರಳಿಗೂ ದಾರ ಕಟ್ಟುವುದಿಲ್ಲ.

ಗಂಡನಿಗೊಬ್ಬನಿಗೇ ಹೇಳಿದರೆ ಸಾಕಿತ್ತು. ಬಾಗಿಲು ಹಾಕಿಕೊಂಡು ಅದಲುಬದಲು ಮಾಡಿಕೊಳ್ಳುವುದು ಒಂದು ನಿಮಿಷದ ಕೆಲಸ. ಅವನನ್ನು ಮುಂಬೈಗೆ ಒಯ್ಯುವ ಜೀಪು ಸಂಜೆ ನಾಲ್ಕಕ್ಕೆ ಬರುವುದಿತ್ತು.

ಆದರೆ ಚಾಳಿನ ಒಂದೇ ಕೋಣೆ. ಬಾಗಿಲು ಗ್ಯಾಲರಿಗೆ ತೆರೆದೇ ಇರುತ್ತಿತ್ತು. ಪೂಜೆಯ ತಟ್ಟೆ ಎತ್ತಿಡುವ ಮೊದಲೇ ಪಕ್ಕದ ಕೋಣೆಯ ಸರೋಜಿನಿ ಬಂದಳು. ಉಡುಪಿ ಕಡೆಯವಳು. ಅವಳ ಗಂಡ ಮೋಹನದಾಸ ಅದೇ ಕಾರ್ಖಾನೆಯಲ್ಲಿದ್ದು, ಹೋದ ವರ್ಷ ಜರ್ಮನಿಗೆ ಹೋಗಿಬಂದವನು. ಅಲ್ಲಿ ಆರು ತಿಂಗಳು ಬ್ರೆಡ್ಡು, ಬಟಾಟೆಯಲ್ಲೇ ಕಳೆದ ಕಥೆ ಹೇಳಿ ಹೇಳಿ ಇಡೀ ಚಾಳನ್ನು ಹೆದರಿಸಿದ್ದ. ಸರೋಜಿನಿ ಉಪ್ಪಿನಕಾಯಿಯ ಡಬ್ಬಿ ತಂದು, ಮುಚ್ಚಳಕ್ಕೆ ಬಟ್ಟೆ ಕಟ್ಟಿ, ಅದನ್ನು ಎಲ್ಲಿಡಬೇಕೆಂದು ತಾನೇ ನಿರ್ಧರಿಸಿದಳು. ಪಾರ್ವತಿಬಾಯಿ ಬೆಂಕಿಯ ಮೇಲೆ ಒಣಗಿಸಿದ ಜೋಳದ ರೊಟ್ಟಿಯ ಗಂಟನ್ನು ಅದರ ಮೇಲಿಟ್ಟರು. ಸರೋಜಿನಿ ಗಂಟನ್ನು ಎತ್ತಿ ಪಕ್ಕಕ್ಕಿಟ್ಟಳು. ಪಾರ್ವತಿಬಾಯಿ ಮತ್ತೆ ಮೇಲಿಟ್ಟರು. ಮನ್ಮಥಪ್ಪ ನಡುವೆ ಕೂತು ಇಬ್ಬರಿಗೂ ಹೌದೆನ್ನುತ್ತಿದ್ದ.

ಸೂಟ್‌ಕೇಸಿನ ತೂಕ ನೋಡಲು ಅವನು ಕಿರಾಣಿ ಅಂಗಡಿಗೆ ಹೊರಟಾಗ ಪ್ರೇಮಾಬಾಯಿ ತಾನೂ ಬರುತ್ತೇನೆಂದು ಚಪ್ಪಲಿ ಹಾಕಿಕೊಂಡಳು.

“ನೀ ಎಲ್ಲಿ ಹೊಂಟಿ?” ಎಂದರು ಅತ್ತೆ. “ಒಲಿ ಮ್ಯಾಲ ಬ್ಯಾಳಿ ಅದ.”

ಅಂಗಡಿಯಿಂದ ಅವನು ಒಬ್ಬನೇ ಮರಳಲಿಲ್ಲ. ಪಾಳಿ ಮುಗಿಸಿ ಬಂದ ಇಬ್ಬರು ಜೊತೆಗಾರರು ಸೂಟ್‌ಕೇಸನ್ನು ಹೊತ್ತುಕೊಂಡೇ ಬಂದಿದ್ದರು. ತೂಕ ಮೀರಿತ್ತು. ರೊಟ್ಟಿಯ ಗಂಟು ಅರ್ಧವಾಯಿತು, ನಂಜಿಕೊಳ್ಳುವ ಶೇಂಗಾ ಹಿಂಡಿ ಪೂರಾ ಉಳಿಯಿತು, ಕಂಬಳಿ ಹೊರಬಂತು. ಜೊತೆಗಾರರು ಚಹಾ ಕುಡಿದು, ಮರಾಠಿಯಲ್ಲಿ ಮೇಮ್ ಸಾಹೇಬರ ವಿಷಯದ ಚೇಷ್ಟೆಯ ಮಾತೊಂದನ್ನು ಆಡಿ, ಪಾರ್ವತಿಬಾಯಿ ಅತ್ತ ತಿರುಗಿದ್ದು ಕಂಡು ಎದ್ದುಹೋದರು.

ಮಧ್ಯಾಹ್ನ ಮನ್ಮಥಪ್ಪ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ. ಪ್ರೇಮಾಬಾಯಿ ಬಡಿಸಿದಳು, ತಾನು ಕೂರಲಿಲ್ಲ. ಮೈಮೇಲೆ ತನ್ನ ಲಿಂಗವಿಲ್ಲದೆ ಬಾಯಿಗೆ ನೀರು ಹಾಕಬಾರದು ಎಂದು ಅವಳಿಗೆ ದೀಕ್ಷೆಯ ದಿನ ಹೇಳಿಕೊಟ್ಟಿದ್ದರು. ಬೇರೆಯವರ ಲಿಂಗವಿದ್ದರೆ ಏನು ಮಾಡಬೇಕೆಂದು ಯಾರೂ ಹೇಳಿರಲಿಲ್ಲ. ಬೆಳಗಿನಿಂದ ಅವಳು ಚಹಾವನ್ನೂ ಮುಟ್ಟಿರಲಿಲ್ಲ. ಅತ್ತೆ ಅದನ್ನು ಬೇರೆ ರೀತಿ ತಿಳಿದರು.

“ಗಂಡ ಹೊಂಟಾನಂತ ಉಪಾಸ ಕುಂತ್ರ ಆರ್ ತಿಂಗಳ ಹ್ಯಾಂಗ ದಾಟ್ತೀ, ಹುಚ್ಚಿ?” ಎಂದು ಗದರಿದರು. ಅವರ ಪೊರೆಗಣ್ಣು ಸೊಸೆಯ ಮುಖದಿಂದ ಗೇಣು ಆಚೆಗೆ ನೆಟ್ಟಿತ್ತು.

ಊಟದ ನಂತರ ಮೋಹನದಾಸ ಟೈ ಹಿಡಿದುಕೊಂಡು ಬಂದ. ಮನ್ಮಥಪ್ಪನಿಗೆ ಟೈ ಕಟ್ಟಲು ಬರುತ್ತಿರಲಿಲ್ಲ. ವಾರದಿಂದ ಕಲಿಸಿದರೂ ಗಂಟು ಕುರಿಯ ಕೊರಳ ಹಗ್ಗದ್ದೇ ಆಗುತ್ತಿತ್ತು. ಕೊನೆಗೆ ಮೋಹನದಾಸ ತಾನೇ ಕಟ್ಟುವುದು, ಅವನು ಅದನ್ನು ಸಡಿಲಿಸಿ ತೆಗೆದು ಮತ್ತೆ ಹಾಗೇ ಕೊರಳಿಗೆ ಹಾಕಿಕೊಳ್ಳುವುದು ಎಂದು ತೀರ್ಮಾನವಾಗಿತ್ತು. ಬಿಳಿ ಅಂಗಿಯ ಗುಂಡಿಗಳನ್ನು ಕುತ್ತಿಗೆಯವರೆಗೆ ಹಾಕಿಸಿ, ಟೈ ಬಿಗಿದು, ಮೋಹನದಾಸ ಎರಡು ಹೆಜ್ಜೆ ಹಿಂದೆ ಸರಿದು ನೋಡಿದ.

“ಇನ್ನು ಇದನ್ನು ಬಿಚ್ಚಲಿಕ್ಕಿಲ್ಲ ಮಾರಾಯ್ರೆ. ಆರು ತಿಂಗಳಿಗೆ ಇದೊಂದೇ ಗಂಟು, ಆಯ್ತಾ? ಬಿಚ್ಚಿದರೆ ಕಟ್ಟಿಸಿಕೊಳ್ಳಲಿಕ್ಕೆ ವಾಪಸ್ ನಾಸಿಕಕ್ಕೇ ಬರಬೇಕು.”

ಎಲ್ಲರೂ ನಕ್ಕರು. ಪ್ರೇಮಾಬಾಯಿ ಆ ಗಂಟನ್ನೂ ಅದರ ಕೆಳಗಿನ ಗುಂಡಿಗಳನ್ನೂ ನೋಡಿದಳು. ಗೋಡೆಯ ಗಡಿಯಾರದಲ್ಲಿ ಮೂರಾಗಿತ್ತು.

ಕೊನೆಗೆ ಕೋಣೆ ಖಾಲಿಯಾದದ್ದು ಅವಳ ಉಪಾಯದಿಂದಲೇ. ಜೀಪಿಗೆ ಹೂವಿನ ಹಾರ ಬೇಕಲ್ಲವೇ ಎಂದು ಅತ್ತೆಯನ್ನು ಕೇಳಿದಳು. ಪಾರ್ವತಿಬಾಯಿಗೆ ಅದು ತನಗೇ ಹೊಳೆಯಬೇಕಿತ್ತು ಎನಿಸಿತು. ಸರೋಜಿನಿಯ ಕೈ ಹಿಡಿದು, ಮೆಟ್ಟಿಲನ್ನು ಕಾಲಿನಿಂದ ತಡವಿ ತಡವಿ ಇಳಿದು ಹೋದರು. ಮೋಹನದಾಸ ಜೀಪು ಬರುವ ದಾರಿ ನೋಡಲು ಆಗಲೇ ಕೆಳಗಿಳಿದಿದ್ದ. ಪ್ರೇಮಾಬಾಯಿ ಬಾಗಿಲು ಹಾಕಿ ಚಿಲಕ ಏರಿಸಿದಳು.

“ರೀ, ಅಂಗಿ ಗುಂಡಿ ಬಿಚ್ರಿ.”

ಮನ್ಮಥಪ್ಪ ಕಕ್ಕಾಬಿಕ್ಕಿಯಾಗಿ ನೋಡಿದ, ಆಮೇಲೆ ನಕ್ಕ. “ಈಗೇನ? ಜೀಪ್ ಬರೋ ವ್ಯಾಳ್ಯಾ ಆಯ್ತು.”

“ಚಾಷ್ಟಿ ಬ್ಯಾಡ. ಬಿಚ್ರಿ, ಹೇಳ್ತೀನಿ.”

ಅವನು ಮೋಹನದಾಸನ ಗಂಟು ಕದಲದಂತೆ ಟೈಯನ್ನು ಪಕ್ಕಕ್ಕೆ ಸರಿಸಿ, ನಡುವಿನ ಎರಡು ಗುಂಡಿ ಬಿಚ್ಚಿದ. ಅವಳು ಕೈ ಒಳಗಿಟ್ಟು ಬನಿಯನ್ನಿನ ಮೇಲಿಂದ ಲಿಂಗವನ್ನು ಹಿಡಿದಳು. ಹೆಬ್ಬೆರಳು ತಾನಾಗಿ ಹೋಗಿ ತಗ್ಗಿನಲ್ಲಿ ಕೂತಿತು.

ಅವನು ಆ ಕೈಯ ಮೇಲೆ ತನ್ನ ಕೈ ಇಟ್ಟ. “ಪ್ರೇಮಾ, ಒಂದ್ ಮಾತ ಹೇಳ್ತೀನಿ, ಯಾರ ಮುಂದೂ ಅನಬ್ಯಾಡ. ನಿನ್ನೆ ನಾ ಸಾಹೇಬರ ಬಾಗಲ ತನಕ ಹೋಗಿದ್ದೆ. ನಾ ಹೋಗಂಗಿಲ್ಲ, ಬ್ಯಾರೆದವರಿಗಿ ಕಳಸ್ರಿ ಅಂತ ಹೇಳ್ಲಾಕ. ಅವರು ಫೋನಿನ್ಯಾಗ ಮಾತಾಡ್ಲತ್ತಿದ್ರು. ನಿಂತು ನಿಂತು ತಿರುಗಿ ಬಂದೆ.”

ಅವಳು ಕೈ ಕದಲಿಸದೆ ಅವನ ಮುಖ ನೋಡಿದಳು.

“ಭಾಷಾ ಬರಂಗಿಲ್ಲ. ವಿಮಾನ ಅಂದ್ರ ಕೈಕಾಲಾಗ ನಡುಕ. ವಾರದಿಂದ ಎದಿ ಹಿಂಗ ಹೊಡ್ಕೋತಿತ್ತು, ನಿಂದೂ ನಿದ್ದಿ ಕೆಡತದಂತ ಸುಮ್ಮ ಮಲಗತಿದ್ದೆ. ಮುಂಜಾನಿ ಅವ್ವ ಇದು ಕಟ್ಟಿದಳು ನೋಡು, ಅವಾಗಿಂದ ನಿಂತದ. ಅಂಜಿಕಿ ಬಂದ್ರ ಮ್ಯಾಲಿಂದ ಹಿಂಗ ಒಂದೀಟು ಒತ್ತಿ ಹಿಡೀತೀನಿ, ಇಳೀತದ. ದಿನಾ ಕಟ್ಕೊಂಡಿದ್ದೇ, ಇವತ್ತ ಬ್ಯಾರೆನೇ ಅನಸ್ತದ.” ಆಮೇಲೆ ಕೇಳಿದ, “ನೀ ಏನ ಹೇಳ್ಬೇಕಂದಿ?”

ಕೆಳಗೆ ಹಾರ್ನು ಕೇಳಿಸಿತು. ಮೋಹನದಾಸ ಗ್ಯಾಲರಿಯ ಕಡೆ ಮುಖಮಾಡಿ ಕೂಗುತ್ತಿದ್ದ.

ಪ್ರೇಮಾಬಾಯಿಯ ಬೆರಳು ಇನ್ನೂ ಅಲ್ಲೇ ಇತ್ತು. ಮದುವೆಯಾಗಿ ಈ ಊರಿಗೆ ಬಂದಾಗ ಸೀರೆ, ಕೊರಳ ಸರ, ಹೆಸರಿನ ಮುಂದಿನ ಹೆಸರು ಎಲ್ಲ ಬದಲಾಗಿತ್ತು. ಇದೊಂದು ಬದಲಾಗಿರಲಿಲ್ಲ. ಸತ್ತರೆ ಇದನ್ನೇ ಅಂಗೈಯಲ್ಲಿಟ್ಟು ಮಣ್ಣು ಮಾಡಬೇಕು ಎಂದು ದೀಕ್ಷೆಯ ದಿನ ಕೇಳಿದ್ದಳು. ಎಂಟು ವರ್ಷದ ಹುಡುಗಿಗೆ ಅಂದು ಆ ಮಾತಿನಿಂದ ಅಂಜಿಕೆಯಾಗಿರಲಿಲ್ಲ, ಜಂಬವಾಗಿತ್ತು.

ಅವಳು ಕೈ ಹೊರತೆಗೆದಳು. ಎರಡು ಗುಂಡಿ ಹಾಕಿ, ಟೈಯನ್ನು ನೇರ ಮಾಡಿದಳು.

“ದಿನಾ ಕೂತು ಪೂಜಿ ಮಾಡ್ರಿ, ಅದೇ ಹೇಳ್ಬೇಕಂತಿದ್ದೆ. ನಿಂತಕೊಂಡು ಅಲ್ಲ. ಅಂಗೈಯಾಗ ಹಿಡಿವಾಗ ಹೆಬ್ಬಟ್ಟ ಬುಡಕ್ಕ ಇಟ್ಟು ಹಿಡೀರಿ. ಜಾರಂಗಿಲ್ಲ.”

“ಬುಡಕ್ಕ?”

“ಹ್ಞೂಂ. ಹುಡುಕಿದ್ರ ಸಿಗ್ತದ.”

ಅವನಿಗೆ ಅದು ಅರ್ಥವಾದಂತೆ ಕಾಣಲಿಲ್ಲ. ಹಾರ್ನು ಮತ್ತೆ ಕೇಳಿಸಿತು. ಅವಳು ಚಿಲಕ ತೆಗೆದಳು.

ಜೀಪಿನ ಮುಂದೆ ತೆಂಗಿನಕಾಯಿ ಒಡೆದದ್ದು, ಹಾರ ಚಿಕ್ಕದಾಗಿ ಒಂದೇ ಕಡೆ ಸಿಕ್ಕಿಸಿದ್ದು, ಪಾರ್ವತಿಬಾಯಿ ಮಗನ ಬದಲು ಡ್ರೈವರನ ಹಣೆಗೆ ಮೊದಲು ವಿಭೂತಿ ಹಚ್ಚಿದ್ದು, ಅವನು ಸುಮ್ಮನೆ ಹಚ್ಚಿಸಿಕೊಂಡಿದ್ದು, ಇದೆಲ್ಲ ಬೇಗ ಬೇಗ ಆಯಿತು. ಮನ್ಮಥಪ್ಪ ಒಳಗೆ ಕೂತು, ಎಲ್ಲರಿಗೂ ಎಡಗೈ ಬೀಸಿದ. ಬಲಗೈ ಟೈಯ ಮೇಲಿತ್ತು. ಟೈ ಸರಿಯಾಗಿದೆಯೋ ಇಲ್ಲವೋ ಎಂದು ನೋಡಿಕೊಳ್ಳುತ್ತಿದ್ದಾನೆಂದು ಮೋಹನದಾಸ ತಿಳಿದು, ಗಟ್ಟಿಯಿದೆ, ಬಿಡಿ ಎಂದ. ಜೀಪು ತ್ರ್ಯಂಬಕ ರಸ್ತೆ ಹತ್ತಿ ಮುಂಬೈ ಕಡೆಗೆ ಹೋಯಿತು.

ಅತ್ತೆಸೊಸೆ ಕೋಣೆಗೆ ಬೀಗ ಹಾಕಿ, ಉಳಿದ ಶೇಂಗಾ ಹಿಂಡಿ, ರೊಟ್ಟಿ ಕಟ್ಟಿಕೊಂಡು ಸಂಜೆಯ ಬಸ್ಸು ಹಿಡಿದರು. ಅವನು ಬರುವವರೆಗೆ ಅವಳು ಔರಂಗಾಬಾದಿನಲ್ಲಿ ಭಾವನ ಮನೆಯಲ್ಲಿರುವುದೆಂದು ಮೊದಲೇ ಮಾತಾಗಿತ್ತು. ಯೇವಲೆಯಲ್ಲಿ ಬಸ್ಸು ನಿಂತಾಗ ಪಾರ್ವತಿಬಾಯಿ ಚಹಾ ತರಿಸಿದರು. ಪ್ರೇಮಾಬಾಯಿ ತನ್ನ ಲೋಟವನ್ನು ಕಿಟಕಿಯಿಂದ ಹೊರಗೆ ಚೆಲ್ಲಿದಳು. ಅತ್ತೆಗೆ ಅದು ಕಾಣಲಿಲ್ಲ.

ಔರಂಗಾಬಾದಿನ ಗುಲಮಂಡಿಯಲ್ಲಿದ್ದ ಭಾವನ ಮನೆಯಲ್ಲಿ ಮರುದಿನ ಬೆಳಿಗ್ಗೆ ಜಳಕ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಅವಳು ಅತ್ತೆಯ ಪಕ್ಕದಲ್ಲಿ ಪೂಜೆಗೆ ಕೂತಳು. ಹೊಸ ವಸ್ತ್ರ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟಳು. ಲೇಪ ಕೆಲವು ಕಡೆ ಮಂಕಾಗಿತ್ತು. ಒಂದು ಬದಿಗೆ ಯಂತ್ರದ ಎಣ್ಣೆಯ ಸಣ್ಣ ಜಿಡ್ಡು ಹಿಡಿದಿತ್ತು. ಅವಳು ಅದನ್ನು ಒದ್ದೆ ಬೆರಳಿನಿಂದ ಉಜ್ಜಿ ತೆಗೆದಳು.

ಪಾರ್ವತಿಬಾಯಿ ತಮ್ಮ ಪೂಜೆ ಮುಗಿಸಿ, ಕಿಟಕಿಯ ಬೆಳಕಿನ ಕಡೆ ಮುಖ ಮಾಡಿ ಕೂತಿದ್ದರು. “ಆ ಥಂಡ್ಯಾಗ ಜಳಕಾನರ ಮಾಡ್ತಾನೋ ಇಲ್ಲೋ,” ಎಂದರು. “ಅವನ ಲಿಂಗಪೂಜಿ ಆಗ್ತದೋ ಇಲ್ಲೋ.”

“ಆಗ್ತದ್ರಿ, ಅತ್ತಿ,” ಎಂದಳು ಪ್ರೇಮಾಬಾಯಿ.

ಹೆಬ್ಬೆರಳು ರೂಢಿಯಂತೆ ಬುಡದ ಸುತ್ತ ತಡಕಾಡಿತು. ಎಲ್ಲ ಕಡೆ ನುಣುಪಾಗಿತ್ತು. ಕೊನೆಗೆ ಬೆರಳು ಆ ನುಣುಪಿನಲ್ಲೇ ಒಂದು ಕಡೆ ನಿಂತಿತು. ಅವಳು ಗಿಂಡಿಯಿಂದ ಲಿಂಗದ ಮೇಲೆ ನೀರು ಬಿಟ್ಟು, ಅಂಗೈಯಲ್ಲಿ ನಿಂತಷ್ಟು ನೀರನ್ನು ಕುಡಿದಳು.